ಬುಧವಾರ

ನಿಯಮಾವಳಿ ನಾನೇ ಬರೆದದ್ದು:
ಊರು ನೂರು ವರ್ಷ ಮುಂದಿನದಿರಬೇಕು,
ಎರಡಡಿಗೆ ನಾಲ್ಕಡಿ ಮೀರಬಾರದು,
ಗುಜರಿ ಸಾಮಾನಿನಲ್ಲೇ ಕಟ್ಟಬೇಕು,
ಖರ್ಚು ಸಾವಿರದೊಳಗೆ, ರಸೀದಿ ಸಮೇತ,
ಒಂದು ಭಾಗವಾದರೂ ಅಲ್ಲಾಡಬೇಕು,
ದೊಡ್ಡವರು ಕೈ ಹಚ್ಚಕೂಡದು.
ಸಹಿ ಹಾಕಿ ಸೀಲು ಒತ್ತಿದ ಮೇಲೆ
ಭವಿಷ್ಯ ಸುಲಭವೆನಿಸಿತು.

ಕಷ್ಟ ಇದ್ದದ್ದು ಟೇಬಲ್ಲಿನದು.
ಮೂವತ್ತೊಂದು ಊರಿಗೆ ಹತ್ತೊಂಬತ್ತು ಟೇಬಲ್ಲು.
ಮೆಕ್ಯಾನಿಕಲ್‌ನವರು ಕೊಟ್ಟದ್ದರಲ್ಲಿ ಒಂದಕ್ಕೆ ಕಾಲು ಮೋಟು;
ಅದರಡಿ ಹಳೆಯ ಪ್ರಶ್ನೆಪತ್ರಿಕೆ ಮಡಿಸಿಟ್ಟೆವು.
ಪೆಂಡಾಲಿನ ಕಾಳಪ್ಪ ಫೋನಿನಲ್ಲಿ,
‘ಮದುವೆ ಸೀಸನ್ನು, ಊಟದ ಟೇಬಲ್ಲಿದೆ, ನಡೀತದಾ ಮೇಡಂ?’
ನಡೀತದೆ ಅಂದೆ.
ಸಾಂಬಾರಿನ ಕಲೆ ಹೋಗದ ಹಲಗೆಯ ಮೇಲೆ
ಇಪ್ಪತ್ತೆರಡನೆಯ ಶತಮಾನ ಕೂತುಕೊಂಡಿತು.

ಶನಿವಾರ, ರಾಜಾಜಿನಗರದ ನಮ್ಮ ಪಾಲಿಟೆಕ್ನಿಕ್ಕು.
ಎಂಟೂವರೆಗೆ ಊರುಗಳು ಬರತೊಡಗಿದವು,
ಆಟೋದ ಹಿಂದಿನ ಸೀಟಿನಲ್ಲಿ ಮೂವರ ತೊಡೆ ಮೇಲೆ ಮಲಗಿ,
ದೊಡ್ಡ ಕಾರಿನೊಳಗೆ ಎಸಿಯಲ್ಲಿ ತಣ್ಣಗೆ,
ಒಂದು ಸ್ಕೂಟರಿನ ಮುಂದೆ ನಿಂತುಕೊಂಡೇ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎರಡು ಊರು
ಮುಕ್ಕಾಲು ಗಂಟೆ ಸಿಕ್ಕಿಬಿದ್ದವು;
ಅವುಗಳಲ್ಲೊಂದಕ್ಕೆ ರಸ್ತೆಯೇ ಇರಲಿಲ್ಲ,
ಜನರೆಲ್ಲ ಹಾರುತ್ತಿದ್ದರು.

ಗ್ಲೂ ಗನ್ನಿಗೆ ಜಗಳ. ಪ್ಲಗ್ ಪಾಯಿಂಟಿಗೆ ಜಗಳ.
ಯಾರದೋ ಅಪ್ಪ, ವೃತ್ತಿಯಲ್ಲಿ ಆರ್ಕಿಟೆಕ್ಟು,
‘ಸುಮ್ನೆ ನೋಡ್ತಿದೀನಿ’ ಅನ್ನುತ್ತಲೇ
ಸೇತುವೆಯೊಂದನ್ನು ನೆಟ್ಟಗೆ ಮಾಡುತ್ತಿದ್ದುದನ್ನು
ನೋಡಿಯೂ ನೋಡದ ಹಾಗೆ ದಾಟಿದೆ.
ಅದಕ್ಕೇ ಎರಡನೆಯ ಬಹುಮಾನ ಬಂತು, ಆ ಮಾತು ಬೇರೆ.
ಹನ್ನೊಂದಕ್ಕೆ ಕರೆಂಟು ಹೋಯಿತು.
ಸೌರಶಕ್ತಿಯ ನಗರಗಳು ಒಂಬತ್ತು,
ಒಟ್ಟಿಗೇ ಆರಿದವು.

ತೀರ್ಪುಗಾರರು ಸದಾನಂದ ಪೈಗಳು,
ನೀರು ಸರಬರಾಜಿನಲ್ಲಿ ಮೂವತ್ತಾರು ವರ್ಷ ಸವೆದವರು.
ಎಲ್ಲ ಊರಿಗೂ ಅವರದೊಂದೇ ಪ್ರಶ್ನೆ:
‘ನೀರು ಎಲ್ಲಿಂದ?’
ಮೋಡವನ್ನು ಹಿಂಡುತ್ತೇವೆ, ಅಂದಿತು ಒಂದು.
ಮಂಗಳೂರಿನಿಂದ ಕಡಲನ್ನೇ ಕೊಳವೆಯಲ್ಲಿ ತಂದು
ಉಪ್ಪು ಬೇರೆ ನೀರು ಬೇರೆ ಮಾಡುತ್ತೇವೆ, ಇನ್ನೊಂದು.
ಚಂದ್ರನಿಂದ ಅಂದ ಹುಡುಗನಿಗೆ
ಪಕ್ಕದ ಹುಡುಗಿ ಮೊಣಕೈಯಲ್ಲಿ ತಿವಿದಳು.

ಇಪ್ಪತ್ತೇಳನೆಯದು, ಆ ಮೋಟುಗಾಲಿನ ಟೇಬಲ್ಲು.
ಗಂಗೊಂಡನಹಳ್ಳಿಯ ಸರ್ಕಾರಿ ಶಾಲೆ, ಏಳನೇ ಕ್ಲಾಸು.
ಊದುಬತ್ತಿ ಡಬ್ಬಿಯ ಮನೆಗಳು, ಇನ್ನೂ ಘಮ್ಮೆನ್ನುತ್ತಿದ್ದವು.
ಮನೆ ಮನೆಯ ಮುಂದೂ ಸಾಲಾಗಿ
ಪೇಸ್ಟಿನ ಮುಚ್ಚಳ, ನೀಲಿ, ಬಿಳಿ, ಕೆಂಪು.
‘ಇವೇನು?’
‘ಡ್ರಮ್ಮು ಸಾರ್.’
‘ನೀರು ಎಲ್ಲಿಂದ?’
ನಾಜ್ನೀನ್ ಎಂಬವಳು, ಬೆರಳಿನ ಮೇಲೆ ಒಣಗಿದ ಗೋಂದು ಸುಲಿಯುತ್ತ,
ವಿಳಾಸ ಕೇಳಿದವರಿಗೆ ಹೇಳುವಂತೆ:
‘ಮಂಗಳವಾರ, ಶುಕ್ರವಾರ ಬರುತ್ತೆ.’
‘ನೂರು ವರ್ಷ ಆದಮೇಲೂನಾ?’
ಅವಳು ಜೊತೆಯವಳ ಮುಖ ನೋಡಿದಳು.
ಇಬ್ಬರೂ ಏನೋ ಲೆಕ್ಕ ಹಾಕಿದರು.
‘ಆಗ ಬುಧವಾರಾನೂ.’

ಪೈಗಳು ನಗಲಿಲ್ಲ.
ಕಲ್ಪನೆಗೆ ಹತ್ತು, ಸಾಧ್ಯತೆಗೆ ಹತ್ತು,
ಅಂಕಪಟ್ಟಿಗೆ ಗೆರೆ ಎಳೆದವಳೂ ನಾನೇ.
ಒಂದು ಮನೆಯಲ್ಲಿ ಏನೋ ಬರೆದು, ಹೊಡೆದುಹಾಕಿ,
ಕನ್ನಡಕ ಒರೆಸಿಕೊಂಡು
ಮುಂದಿನ ಊರಿಗೆ ಹೋದರು.

ಸಂಜೆ ಯಾರೂ ಊರನ್ನು ಮನೆಗೊಯ್ಯಲಿಲ್ಲ.
ಕಪ್ಪು ಬೇಕು, ಫೋಟೊ ಬೇಕು, ಊರು ಎಲ್ಲಿಡುವುದು?
ವಾಚ್‌ಮನ್ ಮುನಿವೆಂಕಟಪ್ಪ ಒಂದೊಂದನ್ನೇ
ಮಂಡಿಯಲ್ಲಿ ಒತ್ತಿ ಮಡಿಸಿ ತಳ್ಳುಗಾಡಿಗೆ ಹಾಕಿದ.
ಗುಜರಿ ಅಂಗಡಿಯ ತಕ್ಕಡಿಯಲ್ಲಿ ಐವತ್ತೆಂಟು ಕಿಲೊ,
ಕಿಲೊಗೆ ಒಂಬತ್ತು.
‘ಇಲ್ಲಿಂದಲೇ ಹೋದ ಮಾಲು ಮೇಡಂ,
ಆ ಪೈಪು ನೆನಪಿದೆ ನಂಗೆ’ ಅಂದ ಅಂಗಡಿಯವನು.

ವರದಿ ಕಳಿಸಿದ್ದಾಯಿತು. ರಸೀದಿಗಳು ತಾಳೆಯಾಗಿವೆ,
ಹದಿನೇಳು ರೂಪಾಯಿಯದೊಂದು ಬಿಟ್ಟು.
ನಮ್ಮ ಬೀದಿಗೆ ನೀರು ಸೋಮವಾರ, ಗುರುವಾರ.
ಗೊತ್ತಿದ್ದೂ ಈ ಬೆಳಗ್ಗೆ
ಹಿತ್ತಲ ನಲ್ಲಿ ತಿರುಗಿಸಿದೆ.
ಒಳಗೆಲ್ಲೋ ಗಾಳಿ ಕೆಮ್ಮಿತು.
ಮುಚ್ಚದೆ ನಿಂತೆ,
ಇನ್ನೂ ಸ್ವಲ್ಪ ಹೊತ್ತು.