ಪಟ್ಟೆಗಳು

ಭಾನುವಾರ. ಟೇ ನದಿಯ ಮಂಜು ಇನ್ನೂ ಎದ್ದಿಲ್ಲ.
ಡಂಡೀ ಊರು, ಮೂರನೇ ಮಹಡಿ, ಹಿಂಬದಿಯ ಕೋಣೆ.
ಕಿಟಕಿಗೆ ಕಂಬಳಿ ಹೊದಿಸಿದ್ದೇನೆ,
ಟೀವಿಯ ಗಾಜಿನಲ್ಲಿ ಈ ಲೋಕದ ನೆರಳು ಬೀಳಬಾರದು.
ಎಂಟನೇ ಸಲ ಟೇಪು ಹಿಂದಕ್ಕೆ ಸುತ್ತಿದೆ.

ರಬ್ಬರ್ ಕೀಲಿಗಳ ಕಪ್ಪು ಪೆಟ್ಟಿಗೆ,
ಹತ್ತು ಪೌಂಡಿಗೆ ಕೊಂಡ ಕ್ಯಾಸೆಟ್ ಪ್ಲೇಯರು,
ಅದರ ತಲೆಯ ತಿರುಪು ಹೊರಳಿಸಲು
ಅಕ್ಕಸಾಲಿಗನ ಕೈಗೊಪ್ಪುವ ಪುಟ್ಟ ಸ್ಕ್ರೂಡ್ರೈವರು.
ಕೂದಲೆಳೆಯಷ್ಟು ಎಡಕ್ಕೆ: ಕಿರಿಚುತ್ತದೆ.
ಕೂದಲೆಳೆಯಷ್ಟು ಬಲಕ್ಕೆ:
ಮುನಿದ ಮಗುವಿನ ಹಾಗೆ ಗಪ್‌ಚಿಪ್.

ವಾರವೆಲ್ಲ ನಾನು ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವವನು.
ಉಸಿರೆಳೆದುಕೊಳ್ಳಿ, ಹಿಡಿಯಿರಿ, ಅಲುಗಾಡಬೇಡಿ—
ದಿನಕ್ಕೆ ನಲವತ್ತು ಸಲ, ಪರಿಚಯವಿಲ್ಲದ ಎದೆಗಳಿಗೆ.
ಇಲ್ಲಿ ಉಸಿರು ಹಿಡಿದವನು ನಾನೇ.

ಆಟ ಇಷ್ಟೇ: ಒಂದು ದೀಪಸ್ತಂಭ.
ಎಂಟು ಚುಕ್ಕಿ ಎತ್ತರದ ಕಾವಲುಗಾರ
ಎಣ್ಣೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಬೇಕು.
ಕಡಲಹಕ್ಕಿ ತಾಕಿದರೆ ಸತ್ತ. ಮೂರು ಜೀವ.
ಆರನೇ ಅಂತಸ್ತು ದಾಟಿದವನಲ್ಲ ನಾನು.
ಏಳನೆಯದನ್ನು ಬರೆದವನು ಬರೆದೇ ಇದ್ದನೋ,
ಊಟಕ್ಕೆ ಎದ್ದು ಮರೆತನೋ.

ಕ್ಯಾಮೆರಾದಲ್ಲಿ ನೋಡಿದರೆ
ತೆರೆಯ ಮೇಲೊಂದು ಕಪ್ಪು ಪಟ್ಟಿ ಮೆಲ್ಲಗೆ ಏರುತ್ತಿರುತ್ತದೆ,
ಕಣ್ಣಿಗೆ ಮಾತ್ರ ಏನೂ ಇಲ್ಲ.
ಸೆಕೆಂಡಿನ ಐವತ್ತನೇ ಪಾಲಿಗೆ ಷಟರ್ ಇಳಿಸಿದೆ.
ಪಟ್ಟಿ ನಿಂತಿತು.
ಆಗಲೇ ಬಾಗಿಲು ಬಡಿದದ್ದು.

ಕೆಳಗಿನ ಮನೆಯ ಎಫಿ ಲೋರಿಮರ್.
ಎಂಬತ್ತಕ್ಕೆ ಎರಡು ಕಮ್ಮಿ, ಕಾಲಲ್ಲಿ ಒಂದೇ ಚಪ್ಪಲಿ.
"ಏಳು ಗಂಟೆಗೆ ಏನಯ್ಯಾ ಈ ಕಿರಿಚಾಟ?" ಎಂದವರು
ಅಲ್ಲೇ ನಿಂತರು. ತಲೆ ವಾಲಿಸಿದರು.
"ಈ ಸದ್ದು ನನಗೆ ಗೊತ್ತು."

ಗಡಿಯಾರದ ಕಾರ್ಖಾನೆಯಂತೆ. ಒಂಬತ್ತು ವರ್ಷ
ಚಿಮುಟದಲ್ಲಿ ಮುಳ್ಳು ಕೂರಿಸಿದ ಬೆರಳು.
ಒಂದು ಸೋಮವಾರ ಬಂದು ನೋಡಿದರೆ
ಮೇಜಿನ ಮೇಲೆ ಗಡಿಯಾರವಿಲ್ಲ, ಹಸಿರು ಹಲಗೆ.
ಕೇಳದೆ ನನ್ನ ಪೆಟ್ಟಿಗೆ ಕೈಗೆತ್ತಿಕೊಂಡರು,
ಬೋರಲು ಹಾಕಿದರು, ಐದು ತಿರುಪು ಬಿಚ್ಚಿಸಿದರು.
ನನ್ನ ಕನ್ನಡಕ ಕಸಿದು, ಮೂಗಿಗಿಟ್ಟುಕೊಂಡು:
"ನನ್ನ ಬೆಸುಗೆಯಲ್ಲ ಇದು.
ನಾನಾಗಿದ್ದರೆ ಇಷ್ಟು ಸೀಸ ಸುರಿಯುತ್ತಿರಲಿಲ್ಲ.
ನೆಟ್ಟಾ ಇರಬೇಕು. ನನ್ನ ಎಡಕ್ಕೆ ಕೂರುತ್ತಿದ್ದಳು,
ಬಾಯಿ ತುಂಬ ಮಾತು."

ಆಟ ತೋರಿಸುತ್ತೇನೆ ಅಂದೆ.
"ಆಟ ನಾವೆಲ್ಲಿ ಕಂಡೆವು?
ಪಟ್ಟೆ ಬಂದರೆ ಪಾಸು. ಮುಂದಿನದು."

ಹಾಲಿನ ಕ್ರೇಟು ಬೋರಲು ಹಾಕಿ ಕೂತರು.
ಒಂಬತ್ತನೇ ಸಲ.
ಮೊದಲು ನೀಳ ಸಿಳ್ಳೆ; ಕೆಂಪು, ತಿಳಿನೀಲಿ, ಅಗಲ ಪಟ್ಟೆ.
ಆಮೇಲೆ ಗೊರಗೊರ; ಹಳದಿ, ಕಡುನೀಲಿ,
ಹಾಸಿದ ಜಮಖಾನೆಯನ್ನು ಯಾರೋ ಸೆಳೆದುಕೊಂಡು
ಓಡುತ್ತಲೇ ಇದ್ದ ಹಾಗೆ, ನಾಲ್ಕು ನಿಮಿಷ, ನಲವತ್ತು ಸೆಕೆಂಡು.
ಎಫಿ ರೆಪ್ಪೆ ಬಡಿಯಲಿಲ್ಲ.

ಕಾವಲುಗಾರ ಮೆಟ್ಟಿಲ ಬುಡದಲ್ಲಿ ಬಂದು ನಿಂತ,
ಎಣ್ಣೆ ಡಬ್ಬಿ ಮಿನುಗಿತು.
"ನಡೀತದೆ," ಎಂದು ಮಂಡಿ ಹಿಡಿದು ಎದ್ದರು.
ಚಹಾ ಬೇಡ, ಬೆಕ್ಕು ಕಾಯುತ್ತಿರುತ್ತದೆ.
ನಾನು ಕೀಲಿ ಮುಟ್ಟಲಿಲ್ಲ. ಹಕ್ಕಿ ಬಂತು.
ಎರಡು ಜೀವ. ಒಂದು.

ಕ್ಯಾಮೆರಾ ಓಡುತ್ತಲೇ ಇತ್ತು.
ರಾತ್ರಿ ಹಾಕಿ ನೋಡಿದೆ: ಕೆಟ್ಟ ಚಿತ್ರೀಕರಣ.
ತೆರೆದ ಬಾಗಿಲ ಬೆಳಕೆಲ್ಲ ಗಾಜಿನ ಮೇಲೆ,
ಓಡುವ ಪಟ್ಟೆಗಳೊಳಗೆ ಒಂದು ಮುದುಕಿಯ ಮುಖ,
ನನ್ನದೇ ಕನ್ನಡಕ.
ಪಟ್ಟೆ ನಿಂತ ಗಳಿಗೆಗೆ ಅವರ ಕೈ ಮೇಲೆದ್ದು
ಗಾಳಿಯಲ್ಲಿ ಏನನ್ನೋ ಎಡಕ್ಕೆ ಸರಿಸುತ್ತದೆ,
ಸರಿಸಿ, ಬಲಗಡೆಯಿಂದ ಇನ್ನೊಂದಕ್ಕೆ ಚಾಚುತ್ತದೆ.

ಅಳಿಸಿಲ್ಲ.
ಆರನೇ ಅಂತಸ್ತು ಮುಂದಿನ ವಾರ ನೋಡೋಣ.
ಕನ್ನಡಕ ಇನ್ನೂ ಕೆಳಗೇ ಇದೆ.