ಬಾಗಿಲ ಸದ್ದಿನ ಬಾಬ್ತು

ಹಾಡಲಿಕ್ಕೆ ಕಲಿಸುತ್ತಾರಾ ಅಲ್ಲಿ,
ಫೋನಿನಲ್ಲಿ ಕೇಳಿದಳು ಕಾಪುವಿನ ಚಿಕ್ಕಮ್ಮ.
ಇಲ್ಲ ಚಿಕ್ಕಮ್ಮ,
ಹಾಡಿ ಮುಗಿದ ಮೇಲೆ ದುಡ್ಡು ಯಾರ ಕಿಸೆಗೆ ಹೋಗುತ್ತದೆ,
ಅದನ್ನು ಕಲಿಸುತ್ತಾರೆ.
ಅದಕ್ಕೆ ನಾಲ್ಕು ವರ್ಷ ಬೇಕಾ?
ಬೇಕಂತೆ.

ಮೂರನೆಯದು ಈಗ ನಡೆಯುತ್ತಿದೆ.
ಫೀಸಿನ ಅರ್ಧ ಅಮ್ಮ ಗುದೈಬಿಯಾದ ಸಲೂನಿನಲ್ಲಿ
ದಾರ ಕಚ್ಚಿ ತೆಗೆದ ಹುಬ್ಬುಗಳದ್ದು.
ಹೊರಗೆ ನಲವತ್ತಾರು ಡಿಗ್ರಿ,
ಈಸಾ ಟೌನಿನ ಕ್ಲಾಸಿನೊಳಗೆ ನಾವು ಸ್ವೆಟರ್ ಹಾಕಿಕೊಂಡು
ಕಾಪಿರೈಟು ಓದುತ್ತೇವೆ.
ಒಂದು ಹಾಡೆಂದರೆ ಒಂದಲ್ಲ, ಎರಡು ಆಸ್ತಿ:
ಕಟ್ಟಿದವನದೊಂದು, ಮುದ್ರಿಸಿದವನದೊಂದು.
ಆಮೇಲೆ ಪಾಲು, ಪಾಲಿನೊಳಗೆ ಪಾಲು,
ಬೆಣ್ಣೆ ತೂಗಿದ ಕೋತಿಗೆ ಕಮಿಷನ್ನು.

ಅಪ್ಪ ಹೂರಾದ ಹೋಟೆಲಿನಲ್ಲಿ ಕೀಬೋರ್ಡು ನುಡಿಸುತ್ತಾನೆ.
ಇಪ್ಪತ್ತಮೂರು ವರ್ಷ, ವಾರಕ್ಕೆ ಆರು ರಾತ್ರಿ, ರಾತ್ರಿಗೆ ಮೂವತ್ತು ಹಾಡು.
ಗುಣಿಸಿ ನೋಡಿದೆ. ಊರಿಗೆ ಹೋದ ರಜೆಗಳನ್ನು ಕಳೆದರೂ
ಎರಡು ಲಕ್ಷ.
ಒಂದೂ ಅವನದಲ್ಲ.
ಅಜ್ಜನಿಗೆ ನಾಗಸ್ವರ ಊದಿದ್ದಕ್ಕೆ
ದಿನಕ್ಕೊಂದು ಸೇರು ಬೆಳ್ತಿಗೆ ಅಕ್ಕಿ ಬರುತ್ತಿತ್ತು,
ನನಗೆ ದಿನಾರು; ವಂಶ ಸುಧಾರಿಸಿದೆ
ಎಂದು ಅವನೇ ನಗುತ್ತಾನೆ.

ಪಕ್ಕದ ಕುರ್ಚಿಯ ಮುನೀರಾ ಮುಹರ್ರಕಿನವಳು.
ಅವಳ ಮುತ್ತಜ್ಜ ಮುತ್ತಿನ ಹಡಗಿನಲ್ಲಿ ಹಾಡುವವನಾಗಿದ್ದನಂತೆ.
ಮುಳುಗಿದವನಲ್ಲ, ಒಂದು ಚಿಪ್ಪು ತೆರೆದವನಲ್ಲ,
ಹಗ್ಗ ಎಳೆಯುವ ಕೈಗಳಿಗೆ ದನಿ ಕೊಟ್ಟ, ಅಷ್ಟೆ.
ಹಡಗು ದಡ ಸೇರಿದ ಮೇಲೆ ನಾಖುದಾ
ಅವನಿಗೂ ಒಂದು ಪಾಲು ಎಣಿಸಿ ಇಡುತ್ತಿದ್ದ.
ಸೂರ್ಯಕಾಂತಿ ಬೀಜ ಕಡಿಯುತ್ತ ಹೇಳಿದಳು,
ಸಿಪ್ಪೆ ಅಂಗೈಯಲ್ಲಿ ಗುಡ್ಡೆ ಹಾಕುತ್ತ.
ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ.
ಪರೀಕ್ಷೆಗೆ ಬರುವುದಿಲ್ಲ ಇದು.

ಪರೀಕ್ಷೆಗೆ ಬರುವುದು ಬೇರೆ:
ನೋಂದಣಿಯಾಗದ ಒಂದು ಕೃತಿಯನ್ನು ಹುಡುಕಿ,
ಹಕ್ಕು ಯಾರದೆಂದು ವಿವರಿಸಿ. ಎರಡು ಸಾವಿರ ಪದ.

ಹುಡುಕಬೇಕಾಗಿರಲಿಲ್ಲ.
ನಮ್ಮ ಗಲ್ಲಿಯ ಕೋಲ್ಡ್ ಸ್ಟೋರಿನ ಬಾಗಿಲು ತಳ್ಳಿದರೆ
ನಾಲ್ಕು ಸ್ವರ. ಟಿಂ ಟಿಂ, ಟಿಟಿಂ.
ಅಪ್ಪ ಕಟ್ಟಿದ್ದು, ನಾನು ಹುಟ್ಟಿದ ವರ್ಷ.
ಆಗ ಬ್ಯಾಂಡಿಗೆ ಸಂಬಳ ನಿಂತಿತ್ತು, ಅಮ್ಮನಿಗೆ ಹಾಲು ಬತ್ತಿತ್ತು,
ಮೊಯ್ದೂಟ್ಟಿಕ್ಕನ ಸಾಲದ ಪುಸ್ತಕದಲ್ಲಿ
ನಮ್ಮ ಹೆಸರಿನ ಕೆಳಗೆ ಪಾಲ್ಪೊಡಿ ಡಬ್ಬ ಹದಿನೇಳು.
ಅವರ ಮಲಯಾಳದಲ್ಲಿ ಹಾಲಿಗೂ ಪಾಲೆಂದೇ ಹೆಸರು.
ಬಾಗಿಲಿಗೊಂದು ಟ್ಯೂನ್ ಮಾಡಿಕೊಡಿ ಮಾಷೆ, ಅಂದರಂತೆ.
ಮಾಡಿಕೊಟ್ಟ. ಪುಟ ಹರಿದರು.

ಈಗ ಇಕ್ಕನ ಮಕ್ಕಳಿಗೆ ಎಂಟು ಅಂಗಡಿ, ಎಂಟು ಬಾಗಿಲು.
ಗುರುವಾರ ಸಂಜೆ ಫ್ರೀಜರಿಗೆ ಒರಗಿ ಒಂದು ಗಂಟೆ ಎಣಿಸಿದೆ:
ಲಬನಿಗೆ, ಖುಬ್ಬೂಸಿಗೆ, ಸಿಗರೇಟಿಗೆ,
ಏನೂ ಕೊಳ್ಳದೆ ಬರೇ ತಂಪಿಗೆ ಬಂದವನೊಬ್ಬ,
ಒಟ್ಟು ಅರವತ್ತೊಂದು ಸಲ.
ಸಲಕ್ಕೊಂದು ಫಿಲ್ಸ್ ಹಿಡಿದರೂ
ದಿನಕ್ಕೆ ಬಾಗಿಲಿಗೊಂದು ದಿನಾರು ಹತ್ತಿರ ಹತ್ತಿರ.
ವರ್ಷಗಳಿಂದ ಗುಣಿಸುವಾಗ ಕೈ ಬೆವರಿತು.

ಹೋಟೆಲಿನ ಕಪ್ಪು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಅಪ್ಪ.
ಲೆಕ್ಕ ನೋಡಿದ, ಕೊನೆಯ ಸಾಲಿನವರೆಗೂ ನೋಡಿದ.
ನಮ್ಮ ಪಾಲು ಬಂದಾಗಿದೆ ಮಾರಾಯ್ತಿ,
ನೀನು ಕುಡಿದೂ ಆಗಿದೆ.

ಆದರೂ ಫಾರಂ ತುಂಬಿಸಬೇಕಲ್ಲ.
ಕೃತಿಯ ಹೆಸರು? ಇಲ್ಲ.
ಅವಧಿ? ಎರಡು ಸೆಕೆಂಡು.
ಪೂರ್ಣವೋ, ಅಪೂರ್ಣವೋ?

ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಹಾಗೇ ನಿಂತ.
ಐದನೆಯದೊಂದು ಸ್ವರ ಉಂಟು ಅದಕ್ಕೆ, ಅಂದ.
ಆ ಕ್ಯಾಸಿಯೋದಲ್ಲಿ ಕೆಳಗಿನ ನಿಷಾದ ಸತ್ತಿತ್ತು.
ರಿಪೇರಿಗೆ ಕಾಯುವ ಹಾಗಿರಲಿಲ್ಲ, ನೀನು ಅಳುತ್ತಿದ್ದೆ.
ಗುನುಗಿ ತೋರಿಸಲಿಲ್ಲ. ಅಂಗಿ ತೊಟ್ಟು ಕೆಲಸಕ್ಕೆ ಹೋದ.

ಆ ಒಂದು ಚೌಕ ಖಾಲಿ ಬಿಟ್ಟು
ಮೊಸರಿಗೆಂದು ಇಳಿದೆ, ಬಾಗಿಲು ತಳ್ಳಿದೆ.
ಟಿಂ ಟಿಂ, ಟಿಟಿಂ.
ಹಿಂದೆ ನೀರಿನ ಕ್ಯಾನು ಹೊತ್ತು ನಿಂತಿದ್ದ ಹುಡುಗ
ಸ್ವಲ್ಪ ಸರಿಯಿರಿ ಅಕ್ಕ, ಅಂದ,
ಎರಡನೇ ಸಲ.