ಯಾರ್ಡಿನ ನಕ್ಷೆ

ಅರ್ಧ ದುಡ್ಡು ಮುಂಗಡ, ಉಳಿದದ್ದು ಬಣ್ಣ ಒಣಗಿದ ಮ್ಯಾಲೆ.
ಆದವಾನಿ ಹತ್ತಿ ಯಾರ್ಡಿನ ಸೆಕ್ರೆಟರಿ ಮಾತು.
ಓದು ಬರದವರಿಗೂ ದಾರಿ ತಿಳೀಬೇಕು,
ಚಿತ್ರದಾಗೇ.

ಎಂಟಡಿ ತಗಡು.
ಗೇಟಿಗೆ ಜೋಡೆತ್ತು ಬರೆದೆ,
ಕಾಟಾಕ್ಕೆ ಲಾರಿ.
ನಾಕನೇ ಶೆಡ್ಡಿಗೆ ಏನು ಗುರ್ತು?
ಹಮಾಲಿ ಖಾಜಾಸಾಬ ಚೀಲ ಇಳಿಸದೇ ಅಂದ:
"ತಿಮ್ಮಕ್ಕನ ಮಿರ್ಚಿ ವಾಸನೆ."

ವಾಸನೆಗೆ ಯಾವ ಬಣ್ಣ?
ಬಾಣಲೆ ಬರೆದೆ, ಕೆಳಗೆ ಒಲೆ, ಮ್ಯಾಲೆ ಹೊಗೆ.
"ಯಾರ್ಡಿನ ಮರ್ಯಾದೆ ಏನಾತು, ಅಳಸು" ಅಂದ್ರು ಸೆಕ್ರೆಟರಿ.
ಬಾಣಲೆ ಅಳಿಸಿದೆ, ಒಲೆ ಅಳಿಸಿದೆ.
ಹೊಗೆ ಬಿಟ್ಟೆ.

ಬಣ್ಣ ಒಣಗಿ ಮೂರು ತಿಂಗಳು.
ಹೊಗೆ ಹಿಡಕೊಂಡು ಮಂದಿ
ನೆಟ್ಟಗೆ ನಾಕನೇ ಶೆಡ್ಡಿಗೆ ಹೋಗ್ತಾರ.
ಸೆಕ್ರೆಟರಿ ಆಫೀಸು ಮಾತ್ರ ಯಾರಿಗೂ ಸಿಗವಲ್ದು;
ನಕ್ಷೆದಾಗ ಅಲ್ಲಿ ಬರೇ ತಗಡು.

ಬಾಕಿ ಬಂದ ದಿನ ಬರೀತೀನಿ,
ಬಾಗಲಾ ಸಮೇತ.